ನಿಮ್ಮ ಫೋಟೋ ಯಾರ ಜಿಮೇಲ್‌ನಲ್ಲಿದೆ?

ಬಳ್ಳಾರಿಯ ರಾಯಲ್ ಸರ್ಕಲ್ ಇರಲಿ, ರಾಯಚೂರಿನ ತೀನ್ ಕಂದೀಲ್ ಇರಲಿ, ಕೊಪ್ಪಳದ ಜವಾಹರ್ ರಸ್ತೆ ಇರಲಿ, ಹೊಸ ಫೋನ್ ಕೊಳ್ಳುವಾಗ ಕೌಂಟರಿನಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ.

"ಅಕ್ಕಾರ, ಜಿಮೇಲ್ ಐತೇನ್ರಿ?"

"ಇಲ್ಲಪ್ಪ, ನೀನ ಒಂದು ಮಾಡಿಬಿಡು."

"ಪಾಸ್‌ವರ್ಡ್ ಏನ್ ಇಡ್ಲಿ?"

"ಏನರ ಇಡು, ನೆನಪಿರೋ ಹಂಗ."

ಹುಡುಗ ಹೆಸರು ಬರೆದು ಅದರ ಪಕ್ಕ 123 ಹೊಡೆಯುತ್ತಾನೆ. ಹೊಸ ಸಿಮ್ ಇನ್ನೂ ಚಾಲೂ ಆಗಿರದಿದ್ದರೆ ಓಟಿಪಿಗೆ ತನ್ನದೇ ನಂಬರ್ ಕೊಡುತ್ತಾನೆ. ಸ್ಕ್ರೀನ್ ಗಾರ್ಡ್ ಅಂಟಿಸಿ, ಕವರ್ ಹಾಕಿ, ಫೋನ್ ಕೈಗಿಡುತ್ತಾನೆ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಕ್ಕಿಲ್ಲ; ಹಿಂದೆ ನಾಲ್ಕು ಜನ ಗಿರಾಕಿ ನಿಂತಿದ್ದಾರೆ, ಬೇಗ ಮುಗಿಸಬೇಕು, ಅಷ್ಟೇ. ಆದರೆ ಆ ಐದು ನಿಮಿಷದಲ್ಲಿ ಹುಟ್ಟಿದ ಖಾತೆಗೇ ಮುಂದಿನ ಐದು ವರ್ಷ ಮನೆಯ ಫೋಟೋಗಳೆಲ್ಲ ಹೋಗಿ ಸೇರುತ್ತವೆ. ಮಗುವಿನ ಸ್ನಾನದ್ದು, ಡಾಕ್ಟರಿಗೆ ತೋರಿಸಲು ತೆಗೆದ ಗಾಯದ್ದು, ಗಂಡನಿಗೆ ಮಾತ್ರ ಕಳಿಸಿದ್ದು, ಆಧಾರ್ ಕಾರ್ಡಿನ ಎರಡೂ ಬದಿಯದ್ದು.

ನಮ್ಮ ಕಡೆಯವರಿಗೆ ಇದನ್ನು ಪಹಣಿಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಹೊಲ ಉಳುವವರು ನೀವೇ, ಬಿತ್ತುವವರು ನೀವೇ, ಪಹಣಿ ಮಾತ್ರ ಇನ್ನೊಬ್ಬರ ಹೆಸರಲ್ಲಿದ್ದರೆ ಹೊಲ ಯಾರದು? ಆನ್‌ಲೈನ್ ಖಾತೆಯ ಪಹಣಿ ಎಂದರೆ ರಿಕವರಿ ನಂಬರ್ ಮತ್ತು ರಿಕವರಿ ಇಮೇಲ್. ಪಾಸ್‌ವರ್ಡನ್ನು ಎಷ್ಟು ಸಲ ಬದಲಿಸಿದರೂ "ಪಾಸ್‌ವರ್ಡ್ ಮರೆತಿದ್ದೇನೆ" ಒತ್ತಿದಾಗ ಕೋಡ್ ಯಾರ ಫೋನಿಗೆ ಬರುತ್ತದೋ ಖಾತೆ ಅವರದು. ಖಾಸಗಿ ಫೋಟೋ ಕಳುವಾದಾಗ ಜನ "ಕ್ಲೌಡ್ ಹ್ಯಾಕ್ ಆಯ್ತು" ಅನ್ನುತ್ತಾರೆ; ಕ್ಲೌಡ್ ಎಂದರೆ ನಮ್ಮ ಫೋಟೋ ಕೂಡಿಡುವ ಕಂಪನಿಯ ಆನ್‌ಲೈನ್ ಜಾಗ. ಗೂಗಲ್‌ನ ಸರ್ವರಿಗೋ ಆಪಲ್‌ನ ಸರ್ವರಿಗೋ ಕನ್ನ ಹಾಕಿ ಒಬ್ಬರ ಫೋಟೋ ಎತ್ತುವ ಕಷ್ಟ ಯಾರಿಗೂ ಬೇಕಿಲ್ಲ. ಎತ್ತುವವರು ಮುಂಬಾಗಿಲಿನಿಂದ, ಸರಿಯಾದ ಪಾಸ್‌ವರ್ಡ್ ಹೊಡೆದೇ ಒಳಗೆ ಬರುತ್ತಾರೆ.

ಇದಕ್ಕೆ ದೊಡ್ಡ ಸಾಕ್ಷಿ 2014ರದ್ದೇ. ಆ ವರ್ಷದ ಆಗಸ್ಟ್ 31ರಂದು ಹಾಲಿವುಡ್ ನಟಿಯರ ಖಾಸಗಿ ಚಿತ್ರಗಳು ಸಾಲುಸಾಲಾಗಿ ಹೊರಬಿದ್ದಾಗ ಆಪಲ್‌ನ ಕ್ಲೌಡ್ ಆದ ಐಕ್ಲೌಡ್ ಒಡೆದಿದೆ ಎಂದೇ ಸುದ್ದಿಯಾಯಿತು. ತನಿಖೆಯಲ್ಲಿ ಸಿಕ್ಕಿದ್ದು ಬೇರೆ. ಪೆನ್ಸಿಲ್ವೇನಿಯಾದ ರಯಾನ್ ಕಾಲಿನ್ಸ್ ಎಂಬಾತ ಆಪಲ್‌ನಿಂದ, ಗೂಗಲ್‌ನಿಂದ ಬಂದಂತೆ ಕಾಣುವ ಇಮೇಲ್ ಕಳಿಸಿ ಪಾಸ್‌ವರ್ಡ್ ಕೇಳಿದ್ದ, ಜನ ಕೊಟ್ಟಿದ್ದರು. ಹೀಗೆ ಕನಿಷ್ಠ 50 ಐಕ್ಲೌಡ್ ಮತ್ತು 72 ಜಿಮೇಲ್ ಖಾತೆಗಳಿಗೆ ಅವನು ಹೊಕ್ಕಿದ್ದ. 2016ರಲ್ಲಿ 18 ತಿಂಗಳ ಜೈಲಾಯಿತು. ಅವನು ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಕೂರಲಿಲ್ಲ, ಕೆಲವರ ಇಡೀ ಫೋನಿನ ಬ್ಯಾಕಪ್ಪನ್ನೇ ಸಾಫ್ಟ್‌ವೇರ್ ಹಾಕಿ ಇಳಿಸಿಕೊಂಡಿದ್ದ. ಪಾಸ್‌ವರ್ಡ್ ಜೊತೆ ಕೋಡನ್ನೂ ಕೇಳುವ ಆಪಲ್‌ನ ಎರಡು ಹಂತದ ಪರಿಶೀಲನೆ ಆಗ ಈ ಬ್ಯಾಕಪ್ ಬಾಗಿಲಿಗೆ ಅನ್ವಯಿಸುತ್ತಿರಲಿಲ್ಲ. ಹಗರಣವಾದ ಮೇಲೆ ಅನ್ವಯಿಸಿದರು.

ಕ್ಯಾಲಿಫೋರ್ನಿಯಾದ ಹಾವೋ ಕುವೋ ಚಿ ಇನ್ನೂ ಸರಳ ದಾರಿ ಹಿಡಿದ. ಆಪಲ್‌ನ ಗ್ರಾಹಕ ಸೇವೆಯವನಂತೆ ಜಿಮೇಲ್ ವಿಳಾಸ ಮಾಡಿಕೊಂಡು ಹೆಂಗಸರಿಗೆ ಬರೆಯುತ್ತಿದ್ದ. ಸುಮಾರು 6,20,000 ಫೋಟೋ ಮತ್ತು 9,000 ವಿಡಿಯೋ ಕೂಡಿಹಾಕಿದ್ದ. 2022ರಲ್ಲಿ 9 ವರ್ಷ ಶಿಕ್ಷೆಯಾಯಿತು. ಈ ಪ್ರಕರಣದಲ್ಲಿ ಗಮನಿಸಬೇಕಾದ್ದು ಸಂಖ್ಯೆಗಿಂತ ಗಿರಾಕಿಗಳನ್ನು. "ಇಂಥವಳ ಖಾತೆ ತೆಗೆದುಕೊಡು" ಎಂದು ಅವನಿಗೆ ಹೇಳುತ್ತಿದ್ದವರು ಬೇರೆ ಜನ. ಗುರಿ ತೋರಿಸುವವನು ಬೇರೆ, ಬಾಗಿಲು ತೆಗೆಯುವವನು ಬೇರೆ. ಗುರಿ ತೋರಿಸಲು ಆ ಹೆಂಗಸಿನ ಇಮೇಲ್, ನಂಬರ್ ಗೊತ್ತಿದ್ದರೆ ಸಾಕು. ಅದು ಗೊತ್ತಿರುವುದು ಪರಿಚಯದವರಿಗೇ.

ಪರಿಚಯ ಎಂಬ ಮಾತು ಬಂದಾಗ ಸೆಕ್ಯುರಿಟಿ ಪ್ರಶ್ನೆಗಳ ಬಗ್ಗೆ ಒಂದು ಮಾತು. ತಾಯಿ ಹುಟ್ಟಿದ ಊರು ಯಾವುದು, ಓದಿದ ಮೊದಲ ಶಾಲೆ ಯಾವುದು ಎಂದು ಕೇಳುವ ಪದ್ಧತಿ ಕೆಲವು ಹಳೆಯ ಖಾತೆಗಳಲ್ಲಿ ಈಗಲೂ ಇದೆ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಸಾರಾ ಪೇಲಿನ್ ಅವರ ಯಾಹೂ ಮೇಲ್ ಖಾತೆಯನ್ನು ಒಬ್ಬ ಕಾಲೇಜು ಹುಡುಗ ತೆರೆದದ್ದು ಹುಟ್ಟಿದ ದಿನ, ಪಿನ್ ಕೋಡ್, ಗಂಡನನ್ನು ಮೊದಲು ಕಂಡ ಜಾಗ ಇಷ್ಟನ್ನೇ ಉತ್ತರಿಸಿ. ನಮ್ಮ ಊರುಗಳಲ್ಲಂತೂ ಅವ್ವನ ತವರು, ಮನೆದೇವರು, ಅಡ್ಡಹೆಸರು ಇಡೀ ಓಣಿಗೆ ಗೊತ್ತು. ಗೊತ್ತಿಲ್ಲದವರು ಬಸ್ಸಿನಲ್ಲಿ ಪಕ್ಕ ಕೂತರೆ ಮೊದಲು ಕೇಳುವುದೇ ಅದನ್ನು. ಇಂಥ ಪ್ರಶ್ನೆ ಬಂದರೆ ನಿಜ ಹೇಳಲೇಬೇಕೆಂದಿಲ್ಲ. ಅವ್ವನ ಊರು ಕೇಳಿದರೆ "ನೀಲಿಕೊಡೆ47" ಎಂದು ಬರೆದು, ಆ ಉತ್ತರವನ್ನು ಮನೆಯ ಕಾಗದಪತ್ರದ ಜೊತೆ ಇಟ್ಟುಕೊಳ್ಳಿ.

ಹಳೆಯ ಸಿಮ್ಮು, ಅಣ್ಣನ ಜಿಮೇಲು

ದುಡಿಯಲು ಬೆಂಗಳೂರು, ಪುಣೆ, ಗೋವಾ ಕಡೆ ಹೋಗಿ ಬರುವವರು ಹೋದಲ್ಲಿ ಹೊಸ ಸಿಮ್ ಹಾಕುತ್ತಾರೆ, ಹಳೆಯದಕ್ಕೆ ರೀಚಾರ್ಜ್ ಬಿಡುತ್ತಾರೆ. ಬಂದ್ ಆದ ನಂಬರನ್ನು ಕಂಪನಿಗಳು ಕನಿಷ್ಠ 90 ದಿನ ಹಾಗೇ ಇಟ್ಟು, ಆಮೇಲೆ ಇನ್ನೊಬ್ಬರಿಗೆ ಕೊಡಬಹುದು. ಆ ನಂಬರ್ ನಿಮ್ಮ ಜಿಮೇಲ್‌ಗೆ ರಿಕವರಿಯಾಗಿ ಉಳಿದಿದ್ದರೆ, ಯಾವುದೋ ಊರಿನಲ್ಲಿ ಅದನ್ನು ಕೊಂಡ ಅಪರಿಚಿತನ ಫೋನಿಗೆ ನಿಮ್ಮ ಖಾತೆಯ ಕೋಡ್ ಬರುತ್ತದೆ. ಅವನು ಕಳ್ಳನೇ ಆಗಿರಬೇಕಿಲ್ಲ, ಕುತೂಹಲ ಇದ್ದರೆ ಸಾಕು. ನಂಬರ್ ಬಿಡುವ ಮೊದಲು ಜಿಮೇಲ್, ಆಪಲ್, ವಾಟ್ಸಾಪ್, ಫೇಸ್‌ಬುಕ್, ಬ್ಯಾಂಕ್ ಇಷ್ಟರಲ್ಲಾದರೂ ಹೊಸದನ್ನು ಹಾಕಿರಬೇಕು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎನ್ನುವುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು. ನಿಮಗೆ ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲಿಯೇ ದೂರು ಕೊಡಬಹುದು.

ಇನ್ನೊಂದು ಮನೆಯೊಳಗಿನದು. ತಂಗಿಗೆ ಫೋನ್ ಕೊಡಿಸಿದ ಅಣ್ಣ ತನ್ನ ಜಿಮೇಲನ್ನೇ ಹಾಕಿ ಕೊಟ್ಟಿರುತ್ತಾನೆ, ಆಪ್ ಇಳಿಸಲು ಅಷ್ಟು ಸಾಕು ಅಂತ. ಗೂಗಲ್ ಫೋಟೋಸ್ ಬ್ಯಾಕಪ್ ಆನ್ ಇದ್ದರೆ ಅವಳು ತೆಗೆದದ್ದೆಲ್ಲ ಅಣ್ಣನ ಖಾತೆಗೆ ಹೋಗುತ್ತದೆ. ಅವನ ಫೋನಿನಲ್ಲಿ, ಆಫೀಸಿನ ಕಂಪ್ಯೂಟರಿನಲ್ಲಿ, ಅವನು ಮಾರಿದ ಹಳೆಯ ಫೋನಿನಲ್ಲಿ, ಎಲ್ಲ ಕಡೆ ಕಾಣುತ್ತದೆ. ಇದನ್ನು ಕಳವು ಎನ್ನಲಾಗದು. ಆದರೆ ಅಣ್ಣನ ಪಾಸ್‌ವರ್ಡ್ ಯಾರ ಕೈಗೆ ಸಿಕ್ಕಿತೋ ಅವರ ಕೈಗೆ ತಂಗಿಯ ಫೋಟೋ ಸಿಕ್ಕಿತು. ಈಗಲೇ ಗೂಗಲ್ ಫೋಟೋಸ್ ತೆರೆದು ಬಲ ಮೇಲಿನ ಗುಂಡಗಿನ ಚಿತ್ರ ಒತ್ತಿ ನೋಡಿ. ಅಲ್ಲಿ ಕಾಣುವ ಇಮೇಲ್ ಯಾರದು? ಬ್ಯಾಕಪ್ ಆನ್ ಇದೆಯೇ? ಈ ಎರಡಕ್ಕೆ ಉತ್ತರ ಗೊತ್ತಿಲ್ಲದೆ ಮುಂದಿನ ಯಾವ ಎಚ್ಚರಿಕೆಯೂ ಉಪಯೋಗಕ್ಕೆ ಬರುವುದಿಲ್ಲ.

ಅಲ್ಲೇ ಬ್ಯಾಕಪ್ ಸೆಟ್ಟಿಂಗ್ಸ್ ಒಳಗೆ ಯಾವ ಯಾವ ಫೋಲ್ಡರ್ ಹೋಗುತ್ತಿವೆ ಎನ್ನುವ ಪಟ್ಟಿ ಇರುತ್ತದೆ. ವಾಟ್ಸಾಪ್ ಇಮೇಜಸ್ ಆನ್ ಇದ್ದರೆ, ಬೇರೆಯವರು ನಂಬಿ ನಿಮಗೆ ಕಳಿಸಿದ ಚಿತ್ರಗಳೂ ನಿಮ್ಮ ಕ್ಲೌಡಿಗೆ ಏರಿವೆ ಎಂದರ್ಥ. ಹಾಗೆಯೇ ನೀವು ಕಳಿಸಿದ್ದು ಅವರ ಕ್ಲೌಡಿನಲ್ಲಿದೆ. ಎಷ್ಟೋ ಸಲ ಫೋಟೋ ಹೊರಬೀಳುವುದು ತೆಗೆದವರ ಖಾತೆಯಿಂದಲ್ಲ, ಪಡೆದವರ ಖಾತೆಯಿಂದ. ಪಡೆದವರಿಗೂ ಅದು ಗೊತ್ತಿರುವುದಿಲ್ಲ. ವಾಟ್ಸಾಪ್ ಚಾಟ್ಸ್ ಸೆಟ್ಟಿಂಗ್‌ನಲ್ಲಿ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿದರೆ ಹೊಸದಾಗಿ ಬರುವವು ಗ್ಯಾಲರಿಗೆ ಬೀಳುವುದಿಲ್ಲ. ವಾಟ್ಸಾಪ್‌ನ ಚಾಟ್ ಬ್ಯಾಕಪ್ ಬೇರೆಯೇ ಸಂಗತಿ. ಅದಕ್ಕೆ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್, ಅಂದರೆ ನಮ್ಮನ್ನು ಬಿಟ್ಟು ಬೇರೆಯವರು ಓದಲಾಗದಂಥ ಬೀಗ, 2021ರಿಂದ ಇದೆ, ಆದರೆ ಪಾಸ್‌ವರ್ಡೋ ಪಾಸ್‌ಕೀಯೋ (ಬೆರಳು, ಮುಖ ತೋರಿಸಿ ತೆರೆಯುವ ಕೀಲಿ) ಇಟ್ಟು ನಾವೇ ಆನ್ ಮಾಡಬೇಕು.

ಝೆರಾಕ್ಸ್ ಅಂಗಡಿ

ಹಾಲ್ ಟಿಕೆಟ್, ಸ್ಕಾಲರ್‌ಶಿಪ್ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರ. ಅರ್ಜಿ ಹಾಕುವ ಕಾಲ ಬಂತೆಂದರೆ ಕಾಲೇಜುಗಳ ಸುತ್ತಲಿನ, ಡಿಸಿ ಆಫೀಸಿನ ಎದುರಿನ ಝೆರಾಕ್ಸ್ ಅಂಗಡಿಗಳಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಪಿಡಿಎಫ್ ಜಿಮೇಲ್‌ನಲ್ಲಿರುತ್ತದೆ, ಅಂಗಡಿಯ ಕಂಪ್ಯೂಟರಿನಲ್ಲೇ ಲಾಗಿನ್ ಆಗಿ ತೆಗೆಯುತ್ತಾರೆ. ಪ್ರಿಂಟ್ ಬಂತು, ಎರಡು ರೂಪಾಯಿ ಕೊಟ್ಟರು, ಹೊರಟರು. ಲಾಗಿನ್ ಅಲ್ಲೇ ಉಳಿಯಿತು. ಜಿಮೇಲ್ ತೆರೆದ ಲಾಗಿನ್‌ಗೇ ಗೂಗಲ್ ಫೋಟೋಸ್, ಡ್ರೈವ್, ಕಾಂಟ್ಯಾಕ್ಟ್ಸ್ ಎಲ್ಲ ತೆರೆಯುತ್ತವೆ, ಇನ್ನೊಂದು ಪಾಸ್‌ವರ್ಡ್ ಕೇಳುವುದಿಲ್ಲ. ಕ್ರೋಮ್ "ಪಾಸ್‌ವರ್ಡ್ ಸೇವ್ ಮಾಡಲೇ" ಎಂದು ಕೇಳಿದ್ದಕ್ಕೆ ಅವಸರದಲ್ಲಿ ಹೂಂ ಅಂದಿದ್ದರೆ ಅದೂ ಅಲ್ಲೇ.

ಅಂಗಡಿಯವರು ಒಳ್ಳೆಯವರೇ ಇರಬಹುದು. ಅವರ ಕಂಪ್ಯೂಟರ್ ಒಳ್ಳೆಯದಲ್ಲ. ಡಿಟಿಪಿ ಕೆಲಸಕ್ಕೆಂದು ಹಾಕಿಕೊಂಡ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆಗೇ ಬರುವ ಒಂದು ಜಾತಿಯ ವೈರಸ್ ಇದೆ, ಇನ್ಫೋಸ್ಟೀಲರ್ ಅನ್ನುತ್ತಾರೆ. ಅದು ಬ್ರೌಸರಿನಲ್ಲಿ ಸೇವ್ ಆದ ಪಾಸ್‌ವರ್ಡ್‌ಗಳ ಜೊತೆಗೆ ಕುಕಿಗಳನ್ನೂ ಕದಿಯುತ್ತದೆ. ಕುಕಿ ಎಂದರೆ ಬಸ್ ಪಾಸ್ ಇದ್ದ ಹಾಗೆ: ಒಮ್ಮೆ ಲಾಗಿನ್ ಆದ ಮೇಲೆ ಬ್ರೌಸರಿಗೆ ಸಿಗುವ ಚೀಟಿ, ಅದನ್ನು ತೋರಿಸಿದರೆ ಕಂಡಕ್ಟರ್ ಮತ್ತೆ ಟಿಕೆಟ್ ಕೇಳುವುದಿಲ್ಲ. ಕದ್ದ ಪಾಸನ್ನು ಬೇರೆ ಊರಿನವನು ತೋರಿಸಿದರೂ ಅಷ್ಟೇ. ಓಟಿಪಿ ಆನ್ ಇದ್ದರೂ ಖಾತೆ ಹೋಗುವ ದಾರಿಗಳಲ್ಲಿ ಇದು ಒಂದು, "ಓಟಿಪಿ ಯಾರಿಗೂ ಹೇಳಿಲ್ಲ, ಆದರೂ ಹೇಗಾಯ್ತು" ಎಂದು ಕೇಳುವವರಲ್ಲಿ ಹಲವರಿಗೆ ಉತ್ತರ ಇಲ್ಲಿದೆ. ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ (ಲಾಗಿನ್ ನೆನಪಿಟ್ಟುಕೊಳ್ಳದ ಕಿಟಕಿ) ತೆರೆದು, ಮುಗಿದ ಮೇಲೆ ಮುಚ್ಚಿದರೆ ಲಾಗಿನ್ ಉಳಿಯುವುದು ತಪ್ಪುತ್ತದೆ. ಆದರೆ ಕೀಬೋರ್ಡ್ ಒತ್ತಿದ್ದನ್ನೆಲ್ಲ ಬರೆದುಕೊಳ್ಳುವ ವೈರಸ್ ಇದ್ದರೆ ಅದೂ ಸಾಲದು.

ಹಾಗಾಗಿ ಅಂಗಡಿಯಲ್ಲಿ ಲಾಗಿನ್ ಆಗುವುದೇ ಬೇಡ. ನಿಮ್ಮ ಫೋನಿನಿಂದ ಆ ಒಂದು ಫೈಲನ್ನು ಮಾತ್ರ ಅಂಗಡಿಯ ಇಮೇಲಿಗೋ ವಾಟ್ಸಾಪಿಗೋ ಕಳಿಸಿ. ವಾಟ್ಸಾಪ್ ಆದರೆ ಪ್ರಿಂಟ್ ಕೈಗೆ ಬಂದ ಮೇಲೆ ಎಲ್ಲರಿಗೂ ಡಿಲೀಟ್ ಆಗುವಂತೆ ಒತ್ತಿ. ಅವರ ಕಂಪ್ಯೂಟರಿಗೆ ಇಳಿಸಿದ ಪ್ರತಿಯನ್ನೂ ಅವರ ಎದುರೇ ಅಳಿಸಲು ಹೇಳಿ, ಅದರಲ್ಲಿ ಸಂಕೋಚ ಬೇಡ. ಆಧಾರ್ ಆದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಪ್ರತಿ ಯುಐಡಿಎಐ ಜಾಲತಾಣದಲ್ಲಿ ಸಿಗುತ್ತದೆ, ಬಹಳಷ್ಟು ಕಡೆ ಅದೇ ಸಾಕು. ವಾಟ್ಸಾಪ್ ವೆಬ್ ತೆರೆದು ಬಂದಿದ್ದರೆ ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ನೋಡಿ. ನಾಲ್ಕು ಸಾಧನಗಳವರೆಗೆ ಜೋಡಿಸಬಹುದು, ಅದರಲ್ಲಿ ಗುರುತು ಸಿಗದ ವಿಂಡೋಸ್ ಕಂಪ್ಯೂಟರ್ ಇದ್ದರೆ ಲಾಗ್ ಔಟ್ ಮಾಡಿ.

ರಿಪೇರಿ ಅಂಗಡಿಯದು ಇದರ ತಮ್ಮ. ಡಿಸ್‌ಪ್ಲೇ ಹಾಕಲು ಪಿನ್ ಬೇಕಿಲ್ಲ. ಹಾಕಿದ ಮೇಲೆ ಟಚ್ ಪರೀಕ್ಷಿಸಲು ಕೇಳುತ್ತಾರೆ. ಪಿನ್ ಕೊಟ್ಟರೆ ಗ್ಯಾಲರಿಯಷ್ಟೇ ಅಲ್ಲ, ಫೋನಿನಲ್ಲಿ ಸೇವ್ ಆದ ಪಾಸ್‌ವರ್ಡ್‌ಗಳೂ ತೆರೆಯುತ್ತವೆ, ಏಕೆಂದರೆ ಅವುಗಳಿಗೆ ಕಾವಲು ಅದೇ ಪಿನ್. ಸ್ಯಾಮ್‌ಸಂಗ್‌ನಲ್ಲಿ ಮೇಂಟೆನೆನ್ಸ್ ಮೋಡ್ ಎಂದೂ ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಎಂದೂ ಒಂದು ಸೌಲಭ್ಯ ಇದೆ. ಆನ್ ಮಾಡಿ ಕೊಟ್ಟರೆ ರಿಪೇರಿಯವರಿಗೆ ಖಾಲಿ ಫೋನ್ ಕಾಣುತ್ತದೆ, ನಿಮ್ಮ ಪಿನ್ ಹಾಕಿ ಹೊರಬಂದಾಗ ಎಲ್ಲ ಇದ್ದಲ್ಲೇ ಇರುತ್ತದೆ. ಬೇರೆ ಕಂಪನಿಯ ಫೋನ್ ಆದರೆ ಅಂಗಡಿಯಲ್ಲೇ ಕೂತು, ನೀವೇ ಲಾಕ್ ತೆಗೆದು ಟಚ್ ನೋಡಿಕೊಳ್ಳಿ. ಅರ್ಧ ಗಂಟೆ ಹೋಗುತ್ತದೆ, ಒಂದು ಮಿರ್ಚಿ-ಮಂಡಕ್ಕಿಯ ಹೊತ್ತು.

ಐಫೋನ್ ಇರುವವರಿಗೆ ಇದರ ಇನ್ನೊಂದು ಮುಖ. ಫೋನಿನ ಆರು ಅಂಕಿಯನ್ನು ಪಕ್ಕದಿಂದ ನೋಡಿಕೊಂಡು ಫೋನನ್ನೇ ಎಗರಿಸಿದವನು ಅದೇ ಅಂಕಿಯಿಂದ ಆಪಲ್ ಖಾತೆಯ ಪಾಸ್‌ವರ್ಡನ್ನೂ ಬದಲಿಸಬಹುದಿತ್ತು. 2024ರ ಜನವರಿಯಲ್ಲಿ ಐಓಎಸ್ 17.3ರ ಜೊತೆ ಬಂದ ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಆನ್ ಇದ್ದರೆ, ಮನೆ-ಆಫೀಸಿನಂಥ ಪರಿಚಿತ ಜಾಗದ ಹೊರಗೆ ಮುಖವೋ ಬೆರಳೋ ತೋರಿಸಿ, ಒಂದು ಗಂಟೆ ಕಾದು, ಮತ್ತೆ ತೋರಿಸದೆ ಅದು ಆಗುವುದಿಲ್ಲ.

ಕೇಳಿ ಪಡೆಯುವವರು

ನಕಲಿ ಸಂದೇಶ ಕಳಿಸಿ ಪಾಸ್‌ವರ್ಡ್ ಕೇಳಿ ಪಡೆಯುವ ಫಿಶಿಂಗ್ ಬಗ್ಗೆ ಎಲ್ಲರೂ ಕೇಳಿದ್ದಾರೆ, ಆದರೂ ಬೀಳುತ್ತಾರೆ. ಕಾರಣ ದಡ್ಡತನವಲ್ಲ, ಗಾಬರಿ. "ನಿಮ್ಮ ಸ್ಟೋರೇಜ್ ತುಂಬಿದೆ, 24 ಗಂಟೆಯಲ್ಲಿ ಫೋಟೋಗಳು ಅಳಿಯುತ್ತವೆ" ಎಂಬ ಸಂದೇಶ ನಿಜದ ಹತ್ತಿರವೇ ಇರುತ್ತದೆ. ಗೂಗಲ್‌ನ ಉಚಿತ ಜಾಗ 15 ಜಿಬಿ, 2021ರ ಜೂನ್ 1ರಿಂದ ಫೋಟೋಗಳೂ ಅದರಲ್ಲೇ ಲೆಕ್ಕ, ಹಾಗಾಗಿ ಬಹಳ ಜನರಿಗೆ ಜಾಗ ನಿಜವಾಗಿಯೂ ತುಂಬಿರುತ್ತದೆ. ಲಿಂಕ್ ಒತ್ತಿದರೆ ಗೂಗಲ್‌ನದೇ ಪುಟದಂತೆ ಕಾಣುವ ಪುಟ. ನೀವು ಅಲ್ಲಿ ಪಾಸ್‌ವರ್ಡ್ ಹೊಡೆದ ಕೂಡಲೇ ಹಿಂದೆ ಕೂತ ಯಂತ್ರ ಅದನ್ನು ನಿಜವಾದ ಗೂಗಲ್‌ಗೆ ಹೊಡೆಯುತ್ತದೆ, ನಿಜವಾದ ಗೂಗಲ್ ನಿಮಗೆ ನಿಜವಾದ ಓಟಿಪಿ ಕಳಿಸುತ್ತದೆ, ನೀವು ಅದನ್ನೂ ನಕಲಿ ಪುಟಕ್ಕೆ ಹೊಡೆಯುತ್ತೀರಿ. ಅಲ್ಲಿಗೆ ಮುಗಿಯಿತು.

ವಿಳಾಸವನ್ನು ಓದುವ ರೀತಿ ಒಂದಿದೆ. ಮೊದಲ ಎರಡು ಗೀಟುಗಳನ್ನು ಬಿಟ್ಟು ಮುಂದೆ ಬರುವ ಒಂಟಿ ಓರೆಗೀಟು ಎಲ್ಲಿದೆ ನೋಡಿ, ಅಲ್ಲಿಂದ ಎಡಕ್ಕೆ ಓದಿ. ಅದಕ್ಕೆ ತಾಗಿಕೊಂಡಿರುವ ಕೊನೆಯ ಎರಡು ತುಂಡೇ ಸಾಮಾನ್ಯವಾಗಿ ನಿಜವಾದ ಮನೆಯ ಹೆಸರು; "ಗವ್ ಡಾಟ್ ಇನ್", "ಕೋ ಡಾಟ್ ಇನ್" ಎಂದು ಮುಗಿದರೆ ಮೂರು ತುಂಡು. "ಐಕ್ಲೌಡ್ ಡಾಟ್ ಕಾಮ್" ಎಂದು ಶುರುವಾಗಿ "ವೆರಿಫೈ-ಲಾಗಿನ್ ಡಾಟ್ ಟಾಪ್" ಎಂದು ಮುಗಿದರೆ ಅದು ಆಪಲ್‌ನ ಮನೆಯಲ್ಲ. ಶುರುವಿನದು ಬರೀ ಬೋರ್ಡು. ಫೋನಿನಲ್ಲಿ ವಿಳಾಸಪಟ್ಟಿ ಚಿಕ್ಕದು, ಎಷ್ಟೋ ಸಲ ಪೂರ್ತಿ ಕಾಣುವುದೇ ಇಲ್ಲ. ಆದ್ದರಿಂದ ಸಂದೇಶದ ಲಿಂಕ್ ಒತ್ತದೆ ನೇರ ಆಪ್ ತೆರೆದು ನೋಡುವುದು ಸುಲಭ. ನಿಜವಾಗಿ ಜಾಗ ತುಂಬಿದ್ದರೆ ಅಲ್ಲೂ ಹೇಳುತ್ತದೆ.

ಪಾಸ್‌ಕೀ ಬಂದ ಮೇಲೆ ಈ ಓದುವ ಕಷ್ಟವೂ ತಪ್ಪಿದೆ. ಬೆರಳು ಅಥವಾ ಮುಖ ತೋರಿಸಿ ಲಾಗಿನ್ ಆಗುವ ವಿಧಾನ. ಗೂಗಲ್ ಖಾತೆಗಳಿಗೆ 2023ರ ಮೇ ತಿಂಗಳಿಂದ ಸಿಗುತ್ತಿದೆ. ಆ ಕೀಲಿ ನಿಜವಾದ ವಿಳಾಸಕ್ಕೆ ಮಾತ್ರ ಹೊಂದುವಂತೆ ಮಾಡಿದ್ದು, ನಕಲಿ ಪುಟ ಎಷ್ಟೇ ಚೆನ್ನಾಗಿದ್ದರೂ ಫೋನ್ ಅದಕ್ಕೆ ಕೀಲಿ ಕೊಡುವುದೇ ಇಲ್ಲ. ನೀವು ಮೋಸಹೋದರೂ ಫೋನ್ ಮೋಸಹೋಗುವುದಿಲ್ಲ. ಒಂದೇ ಒಂದು ಕೆಲಸ ಮಾಡಲು ಪುರಸೊತ್ತು ಇದ್ದರೆ ಇದನ್ನು ಮಾಡಿ ಎನ್ನುತ್ತೇನೆ, ಉಳಿದದ್ದು ಆಮೇಲೆ.

ಎಪಿಕೆ ಫೈಲುಗಳದ್ದು, ಅಂದರೆ ಆಂಡ್ರಾಯ್ಡ್ ಫೋನಿಗೆ ಆಪ್ ಹಾಕುವ ಫೈಲುಗಳದ್ದು, ಹೊಸ ಪಿಡುಗು. ಮದುವೆ ಆಮಂತ್ರಣ, ಆರ್‌ಟಿಓ ಚಲನ್, ಪಿಎಂ ಕಿಸಾನ್ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ ಬರುತ್ತವೆ, ಅದೂ ಪರಿಚಯದವರ ನಂಬರಿನಿಂದ, ಏಕೆಂದರೆ ಅವರ ಫೋನ್ ಆಗಲೇ ಹೋಗಿರುತ್ತದೆ. ಮದುವೆ ಕಾರ್ಡ್ ಚಿತ್ರವಾಗಿ ಬರಬೇಕು, ಪಿಡಿಎಫ್ ಆಗಿ ಬರಬೇಕು. ಇನ್‌ಸ್ಟಾಲ್ ಮಾಡು ಎಂದು ಕೇಳುವ ಮದುವೆ ಎಲ್ಲಿಯೂ ಇಲ್ಲ. ಒಳಗೆ ಹೊಕ್ಕ ಆಪ್ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ನಿಮ್ಮ ಓಟಿಪಿಗಳು ನಿಮಗಿಂತ ಮೊದಲು ಅವರಿಗೆ ಮುಟ್ಟುತ್ತವೆ, ಬ್ಯಾಂಕಿನದೂ ಜಿಮೇಲಿನದೂ.

ಪಾಸ್‌ವರ್ಡಿನ ಬಗ್ಗೆ ಚಿಕ್ಕದಾಗಿ: ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಬೇಡಿ, ಬೈಕಿನ ನಂಬರೂ ಬೇಡ. ಒಂದೇ ಪಾಸ್‌ವರ್ಡ್ ಎಲ್ಲ ಕಡೆ ಬೇಡವೇ ಬೇಡ. 2012ರಲ್ಲಿ ಫೈಲು ಕೂಡಿಡುವ ಕ್ಲೌಡ್ ಸೇವೆ ಡ್ರಾಪ್‌ಬಾಕ್ಸ್‌ನ 6.8 ಕೋಟಿ ಖಾತೆಗಳ ವಿವರ ಹೋದದ್ದು, ಅಲ್ಲಿನ ಉದ್ಯೋಗಿಯೊಬ್ಬ ಬೇರೆ ಜಾಲತಾಣದಲ್ಲಿ ಬಳಸಿದ್ದ ಪಾಸ್‌ವರ್ಡನ್ನೇ ಆಫೀಸಿನಲ್ಲೂ ಇಟ್ಟಿದ್ದರಿಂದ.

ಬಂದು ಹೋದವನ ಹೆಜ್ಜೆ

ಒಳಹೊಕ್ಕವನು ಸದ್ದು ಮಾಡುವುದಿಲ್ಲ. ಪಾಸ್‌ವರ್ಡ್ ಬದಲಿಸಿದರೆ ನಿಮಗೆ ತಿಳಿಯುತ್ತದೆ, ಆದ್ದರಿಂದ ಬದಲಿಸುವುದೂ ಇಲ್ಲ. ಅವನು ಮಾಡುವ ಕೆಲಸಗಳು ನಾಲ್ಕೈದು, ಅವುಗಳ ಗುರುತು ಉಳಿದೇ ಉಳಿಯುತ್ತದೆ.

ಗೂಗಲ್ ಫೋಟೋಸ್‌ನಲ್ಲಿ ಪಾರ್ಟ್ನರ್ ಶೇರಿಂಗ್ ಎಂದು ಒಂದಿದೆ. ಗಂಡ-ಹೆಂಡತಿ ಮಕ್ಕಳ ಫೋಟೋ ಹಂಚಿಕೊಳ್ಳಲೆಂದು ಮಾಡಿದ್ದು. ಒಮ್ಮೆ ಜೋಡಿಸಿದರೆ ಇನ್ನು ಮುಂದೆ ತೆಗೆಯುವ ಫೋಟೋಗಳೂ ತಾವಾಗಿಯೇ ಆಚೆಯವರಿಗೆ ಹೋಗುತ್ತಿರುತ್ತವೆ, ನೀವು ಪಾಸ್‌ವರ್ಡ್ ಬದಲಿಸಿದ ಮೇಲೂ. ಫೋಟೋಸ್ ಸೆಟ್ಟಿಂಗ್ಸ್‌ನ ಶೇರಿಂಗ್ ವಿಭಾಗದಲ್ಲಿ ನೋಡಿ. ಹಾಗೆಯೇ ಲಿಂಕ್ ಮಾಡಿ ಹಂಚಿದ ಆಲ್ಬಮ್‌ಗಳು: ಆ ಲಿಂಕ್ ಯಾರ ಕೈಗೆ ಸಿಕ್ಕರೂ ತೆರೆಯುತ್ತದೆ. ಜಿಮೇಲನ್ನು ಕಂಪ್ಯೂಟರಿನಲ್ಲಿ ತೆರೆದು ಫಾರ್ವರ್ಡಿಂಗ್ (ನಿಮ್ಮ ಮೇಲ್ ತಾನಾಗಿಯೇ ಇನ್ನೊಂದು ವಿಳಾಸಕ್ಕೆ ಹೋಗುವುದು) ಮತ್ತು ಫಿಲ್ಟರ್ ಎರಡನ್ನೂ ನೋಡಬೇಕು, ಫೋನಿನ ಆಪ್‌ನಲ್ಲಿ ಇವು ಪೂರ್ತಿ ಕಾಣುವುದಿಲ್ಲ. ಗೂಗಲ್‌ನಿಂದ ಬರುವ ಎಚ್ಚರಿಕೆಯ ಮೇಲ್‌ಗಳು ನೇರ ಕಸದಬುಟ್ಟಿಗೆ ಹೋಗಲಿ ಎಂದು ಫಿಲ್ಟರ್ ಹಾಕಿ ಹೋಗುವುದು ಹಳೆಯ ಕೈಚಳಕ. ಗೂಗಲ್ ಟೇಕ್‌ಔಟ್ ಮೂಲಕ ಇಡೀ ಖಾತೆಯನ್ನು ಮೂಟೆ ಕಟ್ಟಿ ಒಯ್ದಿದ್ದರೆ "ನಿಮ್ಮ ಡೇಟಾ ಸಿದ್ಧವಿದೆ" ಎಂಬ ಮೇಲ್ ಬಂದಿರುತ್ತದೆ. ಇನ್‌ಬಾಕ್ಸಿನಲ್ಲಿ ಇಲ್ಲದಿದ್ದರೆ ಟ್ರ್ಯಾಶ್‌ನಲ್ಲಿ ಹುಡುಕಿ.

ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಯಾವ ಸಾಧನಗಳಲ್ಲಿ ಲಾಗಿನ್ ಇದೆ ಎಂಬ ಪಟ್ಟಿ ಸಿಗುತ್ತದೆ. ಕಂಪ್ಯೂಟರಿನಲ್ಲಿ ಜಿಮೇಲ್‌ನ ಕೆಳಗೆ ಬಲಮೂಲೆಯ ಡೀಟೇಲ್ಸ್ ಒತ್ತಿದರೆ ಈಚಿನ ಲಾಗಿನ್‌ಗಳ ಐಪಿ ವಿಳಾಸ, ಸಮಯವೂ ಕಾಣುತ್ತದೆ. ಗುರುತಿಲ್ಲದ್ದು ಕಂಡರೆ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಸೈನ್ ಔಟ್. ಈ ಕ್ರಮ ತಪ್ಪಿದರೆ ಸಾಕ್ಷಿ ಹೋಯಿತು.

ಬೀಗ ಬದಲಿಸುವುದಕ್ಕೂ ಕ್ರಮ ಇದೆ. ಮೊದಲು ರಿಕವರಿ ನಂಬರ್ ಮತ್ತು ಇಮೇಲ್ ನಿಮ್ಮದೇ ಎಂದು ಸರಿಮಾಡಿ. ಆಮೇಲೆ ಪಾಸ್‌ವರ್ಡ್. ಆಮೇಲೆ ಎಲ್ಲ ಹಳೆಯ ಸಾಧನಗಳಿಂದ ಸೈನ್ ಔಟ್. ಕೊನೆಗೆ ಎರಡು ಹಂತದ ಪರಿಶೀಲನೆ. ಪಾಸ್‌ವರ್ಡನ್ನೇ ಮೊದಲು ಬದಲಿಸಿ ರಿಕವರಿ ನಂಬರನ್ನು ಮರೆತರೆ ಅವನು ಅರ್ಧ ಗಂಟೆಯಲ್ಲಿ ಮತ್ತೆ ಒಳಗಿರುತ್ತಾನೆ. ಎರಡು ಹಂತ ಆನ್ ಮಾಡಿದಾಗ ಗೂಗಲ್ ಎಂಟೆಂಟು ಅಂಕಿಯ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದನ್ನು ಒಮ್ಮೆ ಮಾತ್ರ ಬಳಸಬಹುದು. ಕಾಗದದ ಮೇಲೆ ಬರೆದು ಹೊಲದ ಕಾಗದ ಇಡುವ ಟ್ರಂಕಿನಲ್ಲೇ ಇಡಿ. ಅದರ ಫೋಟೋ ತೆಗೆದು ಗ್ಯಾಲರಿಯಲ್ಲಿಟ್ಟರೆ ಮಾತ್ರ ಬೀಗದ ಕೈಯನ್ನು ಅದೇ ಪೆಟ್ಟಿಗೆಯೊಳಗೆ ಹಾಕಿದ ಹಾಗೆ. ಐಫೋನಿನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿಯ ಒಳಗಿನ ಸೇಫ್ಟಿ ಚೆಕ್ ಈ ಪರಿಶೀಲನೆಯನ್ನೆಲ್ಲ ಒಂದೇ ಕಡೆ ಮಾಡಿಸುತ್ತದೆ. ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಆನ್ ಮಾಡಿದರೆ ಐಕ್ಲೌಡ್ ಫೋಟೋಗಳ ಕೀಲಿ ಆಪಲ್ ಬಳಿಯೂ ಇರುವುದಿಲ್ಲ, ಆದರೆ ರಿಕವರಿ ಕೀ ಕಳೆದುಕೊಂಡರೆ ಆಪಲ್ ಕೂಡ ತೆಗೆದುಕೊಡಲಾರದು. ಇಟ್ಟುಕೊಳ್ಳುವ ಶಿಸ್ತು ಇದ್ದವರು ಮಾತ್ರ ಆನ್ ಮಾಡಿ.

ಅಳಿಸಿದ್ದೇನೆ ಎಂದುಕೊಂಡದ್ದು ಅಳಿದಿದೆಯೇ ಎನ್ನುವುದು ಬೇರೆ ಪ್ರಶ್ನೆ. ಫ್ರೀ ಅಪ್ ಸ್ಪೇಸ್ ಒತ್ತಿದರೆ ಫೋನಿನದು ಮಾತ್ರ ಹೋಗುತ್ತದೆ, ಕ್ಲೌಡಿನದು ಉಳಿಯುತ್ತದೆ. ಫೋನ್ ಕಂಪನಿಯ ಗ್ಯಾಲರಿ ಆಪ್‌ನಲ್ಲಿ ಅಳಿಸಿದರೂ ಗೂಗಲ್ ಫೋಟೋಸ್‌ನಲ್ಲಿ ಪ್ರತಿ ಉಳಿದಿರಬಹುದು. ಗೂಗಲ್ ಫೋಟೋಸ್ ಆಪನ್ನೇ ತೆಗೆದುಹಾಕಿದರೂ ಏರಿದ ಫೋಟೋಗಳು ಅಲ್ಲೇ ಇರುತ್ತವೆ. ಸರಿಯಾಗಿ ಅಳಿಸಿದ್ದು ಕೂಡ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ, ಐಫೋನಿನ ರೀಸೆಂಟ್ಲಿ ಡಿಲೀಟೆಡ್‌ನಲ್ಲಿ 30 ದಿನ. ಅದನ್ನೂ ಖಾಲಿ ಮಾಡಬೇಕು.

ಈಗಾಗಲೇ ಹೋಗಿದ್ದರೆ

ಫೋಟೋ ಹಂಚುತ್ತೇನೆಂದು ಬೆದರಿಸುವವರಿಗೆ ಹಣ ಕೊಡಬೇಡಿ. ಮೊದಲ ಕಂತು ಕೊಟ್ಟವರಿಗೆ ಎರಡನೆಯದು ಕೇಳುತ್ತಾರೆ, ಕೊಟ್ಟ ಮೇಲೆ ಅಳಿಸುತ್ತಾರೆ ಎನ್ನುವುದಕ್ಕೆ ಯಾವ ಖಾತರಿಯೂ ಇಲ್ಲ. ಬೆದರಿಕೆಯ ಚಾಟನ್ನು ಸಿಟ್ಟಿನಲ್ಲಿ, ನಾಚಿಕೆಯಲ್ಲಿ ಅಳಿಸಲೂ ಬೇಡಿ. ನಂಬರ್, ಪ್ರೊಫೈಲ್, ಪೂರ್ತಿ ವಿಳಾಸ, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ಬ್ಲಾಕ್ ಮಾಡಿ.

ಫೋಟೋ ಇನ್ನೂ ಹರಡಿಲ್ಲ, ಬರೀ ಬೆದರಿಕೆ ಇದೆ ಎಂದರೆ ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆ ಉಪಯೋಗಕ್ಕೆ ಬರುತ್ತದೆ. ನಿಮ್ಮ ಫೋಟೋ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಖ್ಯೆ ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಭಾಗವಹಿಸುವ ತಾಣಗಳು ಆ ಸಂಖ್ಯೆಗೆ ಹೊಂದುವ ಚಿತ್ರವನ್ನು ಪತ್ತೆಹಚ್ಚಿ ತಡೆಯುತ್ತವೆ. 18 ತುಂಬುವ ಮೊದಲು ತೆಗೆದ ಚಿತ್ರವಾದರೆ ಅದಕ್ಕೆ ಟೇಕ್ ಇಟ್ ಡೌನ್ ಎಂಬ ಬೇರೆ ಸೇವೆ. ಹರಡಿದ್ದರೆ ಆಯಾ ತಾಣಕ್ಕೇ ವರದಿ ಮಾಡಿ. ಇಂಥ ಚಿತ್ರದ ಬಗ್ಗೆ ಅದರಲ್ಲಿರುವವರೇ ದೂರಿದರೆ ತೆಗೆಯಲು 24 ಗಂಟೆಯ ಗಡುವನ್ನು 2021ರ ಐಟಿ ನಿಯಮಗಳು ಬಂದಾಗಲೇ ಹಾಕಿದ್ದವು.

ದೂರು ಕೊಡಲು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಇದೆ. ಮಹಿಳೆ-ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ತಿಳಿಸಬಹುದು, ಆದರೆ ಹಾಗೆ ಕೊಟ್ಟ ದೂರು ಎಲ್ಲಿಗೆ ಬಂತೆಂದು ಆಮೇಲೆ ನೋಡಲಾಗುವುದಿಲ್ಲ. ಹಣವೂ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ. ಅಲ್ಲಿಗೆ ದೂರವಾದರೆ ಹತ್ತಿರದ ಯಾವ ಠಾಣೆಯಲ್ಲಾದರೂ ಕೊಡಬಹುದು, ನಮ್ಮ ವ್ಯಾಪ್ತಿಯಲ್ಲ ಎಂದು ಹೇಳುವಂತಿಲ್ಲ. ಝೀರೋ ಎಫ್‌ಐಆರ್ ಇರುವುದು ಅದಕ್ಕೇ. ಐಟಿ ಕಾಯ್ದೆಯ ಪ್ರಕರಣವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ ಎಂಬುದೂ ಗೊತ್ತಿರಲಿ. ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ತೆಗೆದರೆ, ಹಂಚಿದರೆ ಆ ಕಾಯ್ದೆಯ 66ಇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ; ಲೈಂಗಿಕ ಕ್ರಿಯೆಯ ಚಿತ್ರ ಹಂಚಿದರೆ 67ಎ ಕಲಮಿನಲ್ಲಿ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು ಮತ್ತು 10 ಲಕ್ಷದವರೆಗೆ ದಂಡ ಇದೆ.

"ನೀನ ತಗಸ್ಕೊಂಡಿದ್ದೆಲ್ಲ?" ಎಂಬ ಮಾತು ಮನೆಯಲ್ಲೂ ಬರುತ್ತದೆ, ಹೊರಗೂ ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ವಿವರಣೆಯಲ್ಲಿ ಇದಕ್ಕೆ ಉತ್ತರ ಸ್ಪಷ್ಟವಾಗಿಯೇ ಇದೆ: ಹೆಣ್ಣುಮಗಳು ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ, ಹಂಚಿದ್ದು ಅಪರಾಧ.

ಠಾಣೆಗೆ ಹೋಗುವ ಮೊದಲು ಹೆದರಿ ಫೋನನ್ನು ಫಾರ್ಮ್ಯಾಟ್ ಹೊಡೆಸಬೇಡಿ, ಮಾರಲೂ ಬೇಡಿ. ಲಾಗಿನ್ ಎಚ್ಚರಿಕೆಯ ಮೇಲ್‌ಗಳು, ಸ್ಕ್ರೀನ್‌ಶಾಟ್‌ಗಳ ಮೂಲ ಪ್ರತಿ ಎಲ್ಲ ಅದರಲ್ಲೇ ಇರುತ್ತವೆ. ಕೋರ್ಟಿಗೆ ಎಲೆಕ್ಟ್ರಾನಿಕ್ ಸಾಕ್ಷ್ಯ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಪ್ರಮಾಣಪತ್ರ ಬೇಕಾಗುತ್ತದೆ. ಅದು ಯಾವ ಸಾಧನದಿಂದ ಬಂದದ್ದು ಎಂದು ಬರೆಯಬೇಕಾದಾಗ ಆ ಸಾಧನ ಕೈಯಲ್ಲಿರಬೇಕು.